ಎರಡಿಂಚು ಬಿಡು, ಎರಡಿಂಚು ಹಿಡಿ

ತೇನಿ, ಕಂಬಂ ಕಣಿವೆ, ದಿಂಡಿಗಲ್ ಸೀಮೆಯಲ್ಲಿ ಬೀದಿಗೆ ತಮಿಳು, ಮನೆಗೆ ಕನ್ನಡ ಎಂದು ಬದುಕುವ ನಮ್ಮವರಿಗೆ, ಅದರಲ್ಲೂ ನಲವತ್ತು ದಾಟಿದ ಅಣ್ಣಂದಿರಿಗೆ, ಅಕ್ಕಂದಿರಿಗೆ,



ನಾನು ಕಂಬಂನ ಟೇಲರ್ ಒಬ್ಬರ ಮಗಳು. ಮದುವೆಯಾಗಿ ಬೆಂಗಳೂರಿಗೆ ಬಂದವಳು. ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಇಪ್ಪತ್ತೆಂಟು ವರ್ಷ ರಕ್ತ ಪರೀಕ್ಷೆಯ ಕೆಲಸ ಮಾಡಿ ಈಗ ಮನೆಯಲ್ಲಿದ್ದೇನೆ. ಕನ್ನಡ ಮಾತು ಅವ್ವನಿಂದ ಬಂತು, ಅಕ್ಷರ ಬೆಂಗಳೂರಿನ ಬಸ್ಸುಗಳ ಬೋರ್ಡಿನಿಂದ ಬಂತು. ಕಂಬಂನ ಕಾಪ್ಪಿಲಿಯರು, ದಿಂಡಿಗಲ್ ಕಡೆಯ ಅನುಪ್ಪರು, ಚಿನ್ನಾಳಪಟ್ಟಿಯ ದೇವಾಂಗರು, ಒಬ್ಬೊಬ್ಬರ ಕನ್ನಡ ಒಂದೊಂದು ಥರ. ನಿಮ್ಮಲ್ಲಿ ಬಹಳ ಮಂದಿಗೆ ಈ ಲಿಪಿ ಓದಲು ಬರುವುದಿಲ್ಲ ಎಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಬೆಂಗಳೂರು, ಮೈಸೂರು ಕಡೆ ಇರುವ ನಿಮ್ಮ ಮಕ್ಕಳು ಇದನ್ನು ಓದಲಿ, ಫೋನಿನಲ್ಲಿ ದನಿ ತುಂಬಿ ನಿಮಗೆ ಕಳಿಸಲಿ. ಹೊಟ್ಟೆಯ ವಿಷಯ, ಮನೆಮಾತಿನಲ್ಲೇ ಆಡಬೇಕು.

ಅಪ್ಪ ತೀರಿಕೊಂಡ ಮೇಲೆ ಅಂಗಡಿಯಿಂದ ನಾನು ತಂದದ್ದು ಒಂದೇ ವಸ್ತು, ಅವರ ಅಳತೆ ಪುಸ್ತಕ. ರೆಕ್ಸಿನ್ ರಟ್ಟಿನ ಉದ್ದನೆಯ ಲೆಕ್ಕದ ಪುಸ್ತಕ. ಪ್ರತಿ ಹೆಸರಿನ ಮುಂದೆ ಉದ್ದ, ಸೊಂಟ, ಸೀಟು (ಪೃಷ್ಠದ ಸುತ್ತಳತೆ), ತೊಡೆ, ಕಾಲು ಎಂದು ಸಾಲಾಗಿ ಅಂಕಿಗಳು. ಒಂದೇ ಗಿರಾಕಿ ಮದುವೆ ಪ್ಯಾಂಟಿಗೆ ಬಂದವನು, ಮಗನ ಕಿವಿ ಚುಚ್ಚುವ ದಿನಕ್ಕೆ ಬಂದವನು, ಮಗಳ ಮದುವೆಗೆ ಬಂದವನು. ಇಪ್ಪತ್ತು ವರ್ಷಗಳಲ್ಲಿ ಉದ್ದದ ಅಂಕಿ ಬದಲಾಗಿಲ್ಲ, ಸೀಟಿನದು ಹೆಚ್ಚು ಬದಲಾಗಿಲ್ಲ, ಸೊಂಟದ್ದು ಮಾತ್ರ ಏರುತ್ತಲೇ ಹೋಗಿದೆ. ಆ ಸಾಲಿನ ಪಕ್ಕದಲ್ಲಿ ಅಪ್ಪ ತಮಿಳಿನಲ್ಲಿ ‘ವಿಡು 2’ ಎಂದು ಗುರುತು ಹಾಕುತ್ತಿದ್ದರು. ಹಿಂದಿನ ಹೊಲಿಗೆಯಲ್ಲಿ ಎರಡಿಂಚು ಬಟ್ಟೆ ಒಳಗೆ ಬಿಡು ಎಂದು ಅರ್ಥ. ಹೊಟ್ಟೆ ಬಂದಾಗ ಹೊಲಿಗೆ ಬಿಚ್ಚಿ ಅಗಲ ಮಾಡಿಕೊಡಬಹುದು. ಹೊಟ್ಟೆ ಬರುತ್ತದೋ ಇಲ್ಲವೋ ಎಂಬ ಅನುಮಾನ ಅಪ್ಪನಿಗೂ ಇರಲಿಲ್ಲ, ಗಿರಾಕಿಗೂ ಇರಲಿಲ್ಲ.

ಆ ಪುಸ್ತಕದಲ್ಲಿ ನನ್ನ ಚಿಕ್ಕಪ್ಪನ ಸಾಲೂ ಇದೆ. 1988ರಲ್ಲಿ, ಮದುವೆಗೆ: ಸೊಂಟ 28, ಸೀಟು 35. 1999ರಲ್ಲಿ: ಸೊಂಟ 33, ಸೀಟು 36. 2010ರಲ್ಲಿ: ಸೊಂಟ 37, ಸೀಟು 36. ಚಿಕ್ಕಪ್ಪ ದಪ್ಪಗಿದ್ದವರಲ್ಲ. ಕೈಕಾಲು ಕಡ್ಡಿ, ಕೆನ್ನೆ ಒಳಗೆ ಹೋದದ್ದು, ನಡುವೆ ಮಾತ್ರ ಮಡಕೆ ಕಟ್ಟಿದ ಹಾಗೆ ಹೊಟ್ಟೆ. ಅವರು ಪ್ಯಾಂಟನ್ನು ಹೊಕ್ಕುಳ ಮೇಲೇ ಹಾಕುತ್ತಿದ್ದರಿಂದ ಅಪ್ಪನ ಟೇಪು ಸುಳ್ಳು ಹೇಳಲಿಲ್ಲ. ಸುಳ್ಳು ಹೇಳಿದ್ದು ತಕ್ಕಡಿ. ಊರಿಗೆ ಬಂದಿದ್ದ ಒಂದು ಆರೋಗ್ಯ ಶಿಬಿರದಲ್ಲಿ ತೂಕ ನೋಡಿ, 168 ಸೆಂಟಿಮೀಟರ್ ಎತ್ತರಕ್ಕೆ 64 ಕೆಜಿ, ‘ನಿಮಗೇನೂ ತೊಂದರೆಯಿಲ್ಲ’ ಎಂದು ಕಳಿಸಿದರು. ಸೊಂಟಕ್ಕೆ ಯಾರೂ ಟೇಪು ಹಿಡಿಯಲಿಲ್ಲ. 2011ರಲ್ಲಿ, ನಲವತ್ತೊಂಬತ್ತನೆಯ ವಯಸ್ಸಿನಲ್ಲಿ, ರಾತ್ರಿ ಊಟವಾದ ಮೇಲೆ ಎದೆ ಬಿಗಿದು ಬೆವರಿತು. ಗ್ಯಾಸ್ ಎಂದುಕೊಂಡು ಸೋಡಾ ಕುಡಿದು ಎರಡು ಗಂಟೆ ಕಳೆದರು. ಆಮೇಲೆ ಬಾಡಿಗೆ ಕಾರಿನಲ್ಲಿ ತೇನಿ ದಾಟಿ ಮಧುರೈಗೆ. ಉಳಿದರು. ಅದೇ ಸೋಡಾ ಕುಡಿದು ಉಳಿಯದವರು ನಿಮ್ಮ ಬೀದಿಯಲ್ಲೇ ಎಷ್ಟು ಮಂದಿ ಎಂದು ನೀವೇ ಎಣಿಸಿಕೊಳ್ಳಿ.

ನಾನು ಹೇಳಬೇಕಾದದ್ದು ಇಷ್ಟೇ: ನಮ್ಮ ಜನಕ್ಕೆ ತೂಕಕ್ಕಿಂತ ಸೊಂಟ ನಿಜ ಹೇಳುತ್ತದೆ. ಯಾಕೆ ಎಂದು ಬಿಡಿಸಿ ಹೇಳುತ್ತೇನೆ.

ಲ್ಯಾಬಿನಲ್ಲಿ ರಕ್ತವನ್ನು ಕೊಳವೆಗೆ ತುಂಬಿ ಯಂತ್ರದಲ್ಲಿ ಗಿರಗಿರನೆ ತಿರುಗಿಸುತ್ತೇವೆ. ಕೆಂಪು ಕೆಳಗೆ ಇಳಿಯುತ್ತದೆ, ಮೇಲೆ ತಿಳಿ ನಿಲ್ಲುತ್ತದೆ. ಆ ತಿಳಿಯ ಬಣ್ಣ ಒಣ ಹುಲ್ಲಿನ ಹಳದಿ, ಹಿಂದಿಟ್ಟ ಅಕ್ಷರ ಕಾಣುವಷ್ಟು ಸ್ವಚ್ಛ. ಕೆಲವರದ್ದು ಹಾಗಿರುವುದಿಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕೊಟ್ಟ ರಕ್ತವಾದರೂ ಮಜ್ಜಿಗೆ ನೀರಿನಂತೆ ಬೆಳ್ಳಗೆ ಮಂಕಾಗಿ ನಿಲ್ಲುತ್ತದೆ. ಟ್ರೈಗ್ಲಿಸರೈಡ್ ಎಂಬ ಕೊಬ್ಬು ವಿಪರೀತ ಏರಿದಾಗ ಹೀಗಾಗುತ್ತದೆ. ಇಂಥ ಕೊಳವೆ ಸಿಕ್ಕಾಗ ನಾನು ಚೀಟಿಯ ಹೆಸರು ನೋಡಿ, ಹೊರಗೆ ಬೆಂಚಿನ ಮೇಲೆ ಕೂತವರತ್ತ ಕಣ್ಣು ಹಾಯಿಸುತ್ತಿದ್ದೆ. ದೊಡ್ಡ ಮೈಯವರು ಇರುತ್ತಾರೆ ಎಂದು ಮೊದಮೊದಲು ಅಂದುಕೊಂಡಿದ್ದೆ. ಎಷ್ಟೋ ಸಲ ಎದ್ದು ಬಂದವರು ಚಿಕ್ಕಪ್ಪನಂಥವರೇ, ಸಣ್ಣ ಕಾಲು, ಮುಂದೆ ಬಂದ ಹೊಟ್ಟೆ.

ಕೊಬ್ಬಿಗೆ ಎರಡು ಮನೆಗಳಿವೆ. ಒಂದು ಚರ್ಮದ ಕೆಳಗಿನದು, ಚಿವುಟಿದರೆ ಬೆರಳಿಗೆ ಸಿಗುತ್ತದೆ. ಇನ್ನೊಂದು ಹೊಟ್ಟೆಯ ಗೋಡೆಯ ಒಳಗಿನದು, ಕರುಳು, ಯಕೃತ್ತಿನ ಸುತ್ತ ಕೂತಿರುತ್ತದೆ, ಚಿವುಟಲು ಸಿಗದು. ಮಟನ್ ಅಂಗಡಿಯಲ್ಲಿ ಆಡಿನ ಹೊಟ್ಟೆ ಸೀಳಿದಾಗ ಕರುಳಿನ ಮೇಲೆ ಬಲೆಯಂತೆ ಹೊದ್ದ ಬಿಳಿಯ ಪೊರೆ ನೋಡಿದ್ದೀರಲ್ಲ, ಅದೇ ವಪೆ. ಆ ಪೊರೆ ನಮಗೂ ಇದೆ. ಹೊಟ್ಟೆ ಗಟ್ಟಿಯಾಗಿ, ಡೋಲಿನ ಹಾಗೆ ಮುಂದೆ ಬಂದರೆ ಒಳಗಿನ ಕೊಬ್ಬು ಹೆಚ್ಚಿರುವ ಸಾಧ್ಯತೆ ದೊಡ್ಡದು. ದನದ ಹೊಟ್ಟೆ ಉಬ್ಬಿದರೆ ಅದು ಮೇವೋ ಉಬ್ಬರವೋ ಎಂದು ಕೈಯಿಟ್ಟು ಹೇಳುವ ಜನ ನಾವು. ಸ್ವಂತ ಹೊಟ್ಟೆಗೆ ಮಾತ್ರ ‘ಸುಖದ ಹೊಟ್ಟೆ’ ಎಂದು ಹೆಸರಿಟ್ಟೆವು.

ಒಳಗಿನ ಕೊಬ್ಬು ಕೆಟ್ಟದ್ದೇಕೆ ಎಂದರೆ ಅದು ಸುಮ್ಮನೆ ಕೂತಿರುವುದಿಲ್ಲ. ನಮ್ಮ ಕಾಲುವೆಯನ್ನೇ ನೋಡಿ. ಮುಲ್ಲೈಪೆರಿಯಾರ್ ನೀರು 1895ರಿಂದ ಬೆಟ್ಟದ ಸುರಂಗ ದಾಟಿ ಕಣಿವೆಗೆ ಇಳಿಯುತ್ತಿದೆ. ಕಾಲುವೆಯ ತಲೆಯಲ್ಲಿರುವ ಗದ್ದೆಗೆ ನೀರು ಮೊದಲು, ನೀರಿನ ಜೊತೆ ಬಂದ ಕಸವೂ ಮೊದಲು. ದೇಹದಲ್ಲಿ ಆ ಮೊದಲ ಗದ್ದೆ ಯಕೃತ್ತು. ಕರುಳಿನ ಸುತ್ತಲಿನ ರಕ್ತವೆಲ್ಲ ಒಂದೇ ದೊಡ್ಡ ನಾಳದಲ್ಲಿ ಕೂಡಿ ನೇರ ಅಲ್ಲಿಗೆ ಹೋಗುತ್ತದೆ. ಕರುಳ ಕೊಬ್ಬು ಬಿಡುವ ಕೊಬ್ಬಿನಾಮ್ಲ, ಉರಿಯೂತ ಎಬ್ಬಿಸುವ ರಾಸಾಯನಿಕಗಳು ಎಲ್ಲವೂ ಅದೇ ದಾರಿ ಹಿಡಿಯುತ್ತವೆ. ಯಕೃತ್ತಿನೊಳಗೂ ಕೊಬ್ಬು ಸೇರುತ್ತದೆ. ಆಗ ಅದು ಇನ್ಸುಲಿನ್ ಮಾತು ಕೇಳದೆ, ಬೇಡವೆಂದರೂ ಸಕ್ಕರೆ ಬಿಡುತ್ತದೆ, ಟ್ರೈಗ್ಲಿಸರೈಡ್ ಕಟ್ಟಿ ರಕ್ತಕ್ಕೆ ಸುರಿಯುತ್ತದೆ. ಒಳ್ಳೆಯ ಕೊಲೆಸ್ಟರಾಲ್ ಇಳಿಯುತ್ತದೆ, ಕೆಟ್ಟದ್ದರ ಕಣಗಳು ಸಣ್ಣಗೆ ಒತ್ತಾಗುತ್ತವೆ, ಬಿಪಿ ಏರುತ್ತದೆ. ಹೃದಯದ ರಕ್ತನಾಳದ ಗೋಡೆಗೆ ಇವೆಲ್ಲ ಒಟ್ಟಾಗಿ ಬೀಳುವ ಪೆಟ್ಟು. ಸಕ್ಕರೆ ಕಾಯಿಲೆ, ಬಿಪಿ, ಕೊಲೆಸ್ಟರಾಲ್ ಎಂದು ನಾವು ಮೂರು ಮಾತ್ರೆ ಡಬ್ಬಿಗಳಲ್ಲಿ ಬೇರೆ ಬೇರೆ ಇಡುವುದು ಎಷ್ಟೋ ಸಲ ಒಂದೇ ಬೇರಿನ ಮೂರು ಕೊಂಬೆ. 1988ರಲ್ಲಿ ಅಮೆರಿಕದ ಜೆರಾಲ್ಡ್ ರೀವನ್ ಈ ಗುಂಪನ್ನು ಒಟ್ಟಾಗಿ ಕಂಡು ‘ಸಿಂಡ್ರೋಮ್ ಎಕ್ಸ್’ ಎಂದು ಕರೆದರು. ಅದು ನಮ್ಮ ಚಿಕ್ಕಪ್ಪನ ಮದುವೆಯ ವರ್ಷ.

ಮೈಯಲ್ಲಿ ಕೊಬ್ಬು ಎಷ್ಟಿದೆ ಎಂಬುದಕ್ಕಿಂತ ಎಲ್ಲಿದೆ ಎಂಬುದು ಮುಖ್ಯ ಎಂದು 1947ರಲ್ಲೇ ಫ್ರಾನ್ಸಿನ ಮಾರ್ಸೇಲ್ ಊರಿನ ವೈದ್ಯ ಜಾನ್ ವಾಗ್ ಬರೆದಿದ್ದರು. ಆಗ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 80ರ ದಶಕದಲ್ಲಿ ಜಪಾನಿನ ಒಸಾಕಾದ ವೈದ್ಯರು ಸಿಟಿ ಸ್ಕ್ಯಾನಿನಲ್ಲಿ ಹೊಟ್ಟೆಯ ಒಳಗಿನ, ಹೊರಗಿನ ಕೊಬ್ಬನ್ನು ಬೇರೆ ಮಾಡಿ ಅಳೆದರು. ಅವರ ದೇಶದ ಸುಮೋ ಜಟ್ಟಿಗಳದ್ದು ಬೆಟ್ಟದಂಥ ಮೈ. ಆದರೂ ದಿನವಿಡೀ ಅಖಾಡದಲ್ಲಿ ಬೆವರು ಸುರಿಸುವವರೆಗೆ ಅವರ ಕೊಬ್ಬು ಬಹುಪಾಲು ಚರ್ಮದಡಿಯಲ್ಲೇ ಇತ್ತು, ಸಕ್ಕರೆ, ಟ್ರೈಗ್ಲಿಸರೈಡ್ ಹೆಚ್ಚಾಗಿ ಹತೋಟಿಯಲ್ಲಿದ್ದವು. ಇದಕ್ಕೆ ಉಲ್ಟಾ ಇನ್ನೊಂದು ಕಥೆ ಕೇಳಿ. 2004ರಲ್ಲಿ ಅಮೆರಿಕದಲ್ಲಿ 15 ಮಂದಿ ದಪ್ಪ ಹೆಂಗಸರ ಹೊಟ್ಟೆಯ ಚರ್ಮದಡಿಯಿಂದ ಸುಮಾರು 10 ಕೆಜಿ ಕೊಬ್ಬನ್ನು ಕೊಳವೆ ಹಾಕಿ ಹೀರಿ ತೆಗೆದರು. ಸೊಂಟ ಇಳಿಯಿತು. ಇನ್ಸುಲಿನ್ನಿನ ಕೆಲಸವಾಗಲಿ, ಬಿಪಿ, ಕೊಲೆಸ್ಟರಾಲ್ ಆಗಲಿ ಸುಧಾರಿಸಲಿಲ್ಲ. ಒಳಗಿನದು ಒಳಗೇ ಇತ್ತಲ್ಲ.

ನಮ್ಮ ಜನ ಅಷ್ಟೇನೂ ದಪ್ಪವಿಲ್ಲದಿದ್ದರೂ ಇದಕ್ಕೆ ಬೇಗ ಸಿಕ್ಕಿಬೀಳುವುದು ಯಾಕೆ? ಪುಣೆಯ ಕೆಇಎಂ ಆಸ್ಪತ್ರೆಯ ಡಾಕ್ಟರ್ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ಫೋಟೊವನ್ನೇ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಎತ್ತರಕ್ಕೆ ತೂಕ ಹೋಲಿಸುವ ಬಿಎಂಐ ಅಂಕಿ ಇಬ್ಬರದ್ದೂ ಒಂದೇ, 22.3. ಅಂದರೆ ತಕ್ಕಡಿಯ ಲೆಕ್ಕದಲ್ಲಿ ಇಬ್ಬರೂ ಸರಿಸಮ. ಮೈಯ ಕೊಬ್ಬು ಅಳೆದಾಗ ಇಂಗ್ಲಿಷಿನವರದ್ದು ಶೇ. 9.1, ನಮ್ಮವರದ್ದು ಶೇ. 21.2. ಪುಣೆ ಸುತ್ತಿನ ಹಳ್ಳಿಗಳ ಎಳೆಗೂಸುಗಳನ್ನೂ ಯಾಜ್ಞಿಕ್ ತಂಡ ಅಳೆದಿತ್ತು. ಇಂಗ್ಲೆಂಡಿನ ಸೌತಾಂಪ್ಟನ್ನಿನ ಕೂಸು ಸರಾಸರಿ 3.5 ಕೆಜಿ, ಇಲ್ಲಿಯದು 2.7. ಮಾಂಸಖಂಡ ಕಡಿಮೆ, ಬೆನ್ನ ಮೇಲಿನ ಕೊಬ್ಬು ಮಾತ್ರ ಬಹುಮಟ್ಟಿಗೆ ಉಳಿದಿತ್ತು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯ ಹಳೆಯ ಹೆರಿಗೆ ಪುಸ್ತಕಗಳೂ ಇಂಥದ್ದೇ ಕಥೆ ಹೇಳಿದವು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ 517 ಮಂದಿಯನ್ನು ಹುಡುಕಿ ಪರೀಕ್ಷಿಸಿದ ವರದಿ 1996ರಲ್ಲಿ ಬಂತು. ಹುಟ್ಟುವಾಗ ಸಣ್ಣಗಿದ್ದವರಲ್ಲಿ ಮುಂದೆ ಹೃದಯದ ಕಾಯಿಲೆ ಹೆಚ್ಚು. ನಮ್ಮ ಅಜ್ಜಿಯಂದಿರ ಬಸುರಿನ ಹಸಿವು ಮೊಮ್ಮಕ್ಕಳ ಸೊಂಟದವರೆಗೂ ಬಂದಿದೆ ಅನ್ನಿಸುತ್ತದೆ.

ಅಪ್ಪನ ಮಾತಿನಲ್ಲಿ ಹೇಳುವುದಾದರೆ, ಚರ್ಮದಡಿಯ ಕೊಬ್ಬಿನ ಚೀಲವನ್ನು ಹೊಲಿಯುವಾಗ ನಮಗೆ ಒಳಗೆ ಬಟ್ಟೆ ಬಿಟ್ಟಿಲ್ಲ. ಬಿಳಿಯರ ಚೀಲ ಇನ್ನಷ್ಟು ಹಿಗ್ಗುತ್ತದೆ. ನಮ್ಮದು ಬೇಗ ತುಂಬುತ್ತದೆ, ತುಂಬಿ ಉಳಿದದ್ದು ಕರುಳ ಸುತ್ತ, ಯಕೃತ್ತಿಗೆ, ಹೃದಯದ ಹೊದಿಕೆಗೆ ಹರಿಯುತ್ತದೆ. ಪ್ಯಾಂಟಿನಲ್ಲಿ ಎರಡಿಂಚು ಬಿಡಿಸಿಕೊಂಡ ನಾವು ಮೈಯಲ್ಲೂ ಅಷ್ಟು ಬಿಟ್ಟಿದೆ ಎಂದು ನಂಬಿದೆವು.

ಟೇಪಿನ ಮಾತು ಟೇಲರ್ ಮಗಳ ಅಭಿಮಾನ ಎಂದು ನಗಬೇಡಿ. ಕೇರಳದಲ್ಲಿ ಹುಟ್ಟಿ ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ಡಾಕ್ಟರಿ ಓದಿ ಕೆನಡಾಕ್ಕೆ ಹೋದ ಸಲೀಂ ಯೂಸುಫ್ ಅವರ ಮುಂದಾಳತ್ವದಲ್ಲಿ 52 ದೇಶಗಳಲ್ಲಿ ‘ಇಂಟರ್‌ಹಾರ್ಟ್’ ಎಂಬ ದೊಡ್ಡ ಅಧ್ಯಯನ ನಡೆಯಿತು. ಮೊದಲ ಹೃದಯಾಘಾತವಾದವರನ್ನೂ ಆಗದವರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರು. 2004ರಲ್ಲಿ ಬಂದ ಮೊದಲ ವರದಿ ಹೊಟ್ಟೆಯ ಬೊಜ್ಜನ್ನು ಒಂಬತ್ತು ಮುಖ್ಯ ಅಂಶಗಳಲ್ಲಿ ಒಂದೆಂದು ಹೇಳಿತು. ಬೀಡಿ ಸಿಗರೇಟು, ಕೊಲೆಸ್ಟರಾಲ್, ಬಿಪಿ, ಸಕ್ಕರೆ, ಮನಸ್ಸಿನ ಒತ್ತಡ ಇವೆಲ್ಲ ಅದರ ಜೊತೆಗಾರರು. ಮರುವರ್ಷ ಸುಮಾರು 27 ಸಾವಿರ ಜನರ ಅಳತೆ ಇಟ್ಟುಕೊಂಡು ಇನ್ನೊಂದು ವರದಿ ಬರೆದರು. ಹೃದಯಾಘಾತದ ಸುಳಿವು ಕೊಡುವುದರಲ್ಲಿ ಬಿಎಂಐಗಿಂತ ಸೊಂಟವನ್ನು ಸೀಟಿನಿಂದ ಭಾಗಿಸಿದ ಅಂಕಿ ಬಹಳ ಮುಂದಿತ್ತು. ಸೊಂಟ, ಸೀಟು! ಅಪ್ಪನ ಪುಸ್ತಕದ ಎರಡನೆಯ, ಮೂರನೆಯ ಅಂಕಿ. ಗಂಡಸರಿಗೆ 0.90, ಹೆಂಗಸರಿಗೆ 0.85 ದಾಟಿದರೆ ಎಚ್ಚರ ಎನ್ನುತ್ತಾರೆ. ಚಿಕ್ಕಪ್ಪನದ್ದು ಭಾಗಿಸಿ ನೋಡಿದೆ: ಮದುವೆಗೆ 0.80, 1999ರಲ್ಲಿ 0.92, 2010ರಲ್ಲಿ 1.03. ಎದೆನೋವಿಗೆ ಹನ್ನೆರಡು ವರ್ಷ ಮೊದಲೇ ಅಂಗಡಿಯ ಮೂಲೆಯಲ್ಲಿ ಬರೆದಿಟ್ಟಿತ್ತು, ಓದುವವರಿರಲಿಲ್ಲ. ಅದೇ ಅಧ್ಯಯನದಲ್ಲಿ ಇನ್ನೊಂದು ಅಂಕಿಯಿದೆ. ಮೊದಲ ಹೃದಯಾಘಾತದ ವಯಸ್ಸು ಬೇರೆ ಕಡೆ 59ರ ಆಸುಪಾಸು, ನಮ್ಮ ದಕ್ಷಿಣ ಏಷ್ಯಾದವರಿಗೆ 53. ಆರು ವರ್ಷ ಮೊದಲು. ಮಗಳ ಮದುವೆ, ಮಗನ ಕಾಲೇಜು ಫೀಸು ಎರಡೂ ಬಾಕಿಯಿರುವ ವಯಸ್ಸು.

ಈಗ ಅಳತೆ ತೆಗೆಯುವುದು. ಕೊನೆಯ ಪಕ್ಕೆಲುಬು ಒಂದು ಕಡೆ, ಸೊಂಟದ ಮೂಳೆಯ ಮೇಲಂಚು ಇನ್ನೊಂದು ಕಡೆ, ಎರಡರ ನಡುಮಧ್ಯೆ ಬರಿಮೈ ಮೇಲೆ ಟೇಪು ಸುತ್ತಿ. ನೆಟ್ಟಗೆ ನಿಂತು ಉಸಿರು ಬಿಟ್ಟ ಮೇಲೆ ನೋಡಿ. ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ, ಇಲ್ಲಿ ಯಾರೂ ಹೆಣ್ಣು ನೋಡಲು ಬಂದಿಲ್ಲ. ನಮ್ಮ ದೇಶದ ಗಂಡಸರಿಗೆ ಗಡಿ 90 ಸೆಂಟಿಮೀಟರ್, ಅಂದರೆ ಮೂವತ್ತೈದೂವರೆ ಇಂಚಿನ ಹತ್ತಿರ. ಹೆಂಗಸರಿಗೆ 80, ಅಂದರೆ ಮೂವತ್ತೊಂದೂವರೆ. ಟೇಪು ಇಲ್ಲವೇ? ಚಿನ್ನಾಳಪಟ್ಟಿಯ ಮಗ್ಗದವರಿಗೆ ದಾರಕ್ಕೇನು ಬರ. ನಿಮ್ಮ ಎತ್ತರದಷ್ಟೇ ಒಂದು ದಾರ ಕತ್ತರಿಸಿ, ಎರಡಾಗಿ ಮಡಚಿ, ಸೊಂಟಕ್ಕೆ ಸುತ್ತಿ. ತುದಿ ತುದಿ ಕೂಡಿದರೆ ಸರಿ. ಕೂಡದೆ ನಡುವೆ ಹೊಟ್ಟೆ ಕಂಡರೆ, ಕಂಡಷ್ಟು ಸಾಲ. ಸೊಂಟ ಎತ್ತರದ ಅರ್ಧಕ್ಕಿಂತ ಕಡಿಮೆಯಿರಲಿ ಎಂದು ಈಗ ಇಂಗ್ಲೆಂಡಿನ ವೈದ್ಯರೂ ಹೇಳುತ್ತಾರೆ.

‘ನನ್ನ ಪ್ಯಾಂಟು ಇಪ್ಪತ್ತು ವರ್ಷದಿಂದ 34’ ಎನ್ನುವ ಅಣ್ಣಂದಿರಿಗೆ ಒಂದು ಮಾತು. ಅಪ್ಪ ಟೇಪು ಹಿಡಿಯುವ ಮೊದಲು ಮೆಲ್ಲಗೆ ಕೇಳುತ್ತಿದ್ದರು: ‘ಹೊಟ್ಟೆ ಮೇಲೋ, ಕೆಳಗೋ?’ ಪ್ಯಾಂಟು ಹೊಟ್ಟೆಯ ಕೆಳಗೆ ಜಾರಿದವರಿಗೆ ಅಳತೆ ಬದಲಾಗುವುದೇ ಇಲ್ಲ, ಜಾರಿದ್ದು ಮಾತ್ರ ಬದಲಾವಣೆ. ವೇಷ್ಟಿಯೂ ಹಾಗೇ, ಉಡಿದಾರವೂ ಹಾಗೇ. ಅವು ಹೊಟ್ಟೆಯ ಜೊತೆ ಜಗಳವಾಡದೆ ಕೆಳಗಿಳಿದು ಕೂರುತ್ತವೆ. ಅಳೆಯಬೇಕಾದದ್ದು ಅವುಗಳ ಮೇಲೆ.

ಅಕ್ಕಂದಿರಿಗೆ ಬೇರೆಯಾಗಿ ಹೇಳಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮೊದಲ ಬಾರಿ ಸೊಂಟ ಅಳೆದರು. ದೇಶದ ಹೆಂಗಸರಲ್ಲಿ ನೂರಕ್ಕೆ 40 ಮಂದಿಯ ಸೊಂಟ 80 ದಾಟಿತ್ತು. ಗಂಡಸರ ಹೊಟ್ಟೆ ಶರ್ಟಿನ ಗುಂಡಿಯಲ್ಲಿ ಊರಿಗೆಲ್ಲ ಕಾಣುತ್ತದೆ. ನಮ್ಮದನ್ನು ಸೀರೆ ಮುಚ್ಚುತ್ತದೆ. ಗೊತ್ತಿರುವುದು ಲಂಗದ ಲಾಡಿಗೆ ಮಾತ್ರ, ರಾತ್ರಿ ಬಿಚ್ಚಿದಾಗ ಮೈಮೇಲೆ ಕೆಂಪಗೆ ಗೆರೆ ಬಿದ್ದಿರುತ್ತದೆ. ಹರೆಯದಲ್ಲಿ ನಮ್ಮ ಕೊಬ್ಬು ತೊಡೆಗೆ, ಪೃಷ್ಠಕ್ಕೆ ಹೋಗುತ್ತಿತ್ತು, ಅಲ್ಲಿ ಅದು ಅಷ್ಟು ಕೇಡು ಮಾಡುವುದಿಲ್ಲ. ಮುಟ್ಟು ನಿಂತ ಮೇಲೆ ಹಾರ್ಮೋನಿನ ಕಾವಲು ತಪ್ಪಿ ಹೊಟ್ಟೆಯತ್ತ ತಿರುಗುತ್ತದೆ. ‘ಹೆಂಗಸರಿಗೆ ಹಾರ್ಟ್ ಅಟ್ಯಾಕ್ ಬರುವುದಿಲ್ಲ’ ಎಂಬ ಮಾತು ಆ ವಯಸ್ಸಿನಿಂದ ಆಚೆ ನಡೆಯದು. ಬಂದಾಗಲೂ ಎದೆನೋವೇ ಆಗಬೇಕೆಂದಿಲ್ಲ. ಏದುಸಿರು, ದವಡೆ ನೋವು, ಬೆನ್ನು ನೋವು, ಕಾರಣವಿಲ್ಲದ ಸುಸ್ತು. ಅಡುಗೆ ಮುಗಿಸಿ ಮಲಗೋಣ ಎಂದುಕೊಂಡು ತಡ ಮಾಡಬೇಡಿ.

ನಮ್ಮ ಸೀಮೆಯಲ್ಲಿ ಏನು ಬದಲಾಯಿತು ಎಂದು ಕೇಳಿದರೆ, ಊಟ ಬದಲಾದ ವೇಗದಲ್ಲಿ ಮೈ ಬದಲಾಗಲಿಲ್ಲ. ನಮ್ಮ ಅಜ್ಜ ಸಜ್ಜೆ ಗಂಜಿ, ಜೋಳದ ಅನ್ನ ಉಣ್ಣುತ್ತಿದ್ದ, ಬೆಟ್ಟದ ತಪ್ಪಲಿಗೆ ದನದ ಹಿಂದೆ ನಡೆಯುತ್ತಿದ್ದ. ಆ ಕಾಲ ಚಿನ್ನದ್ದು ಎಂದು ನಾನು ಹೇಳುವುದಿಲ್ಲ, ಹಸಿದು ಮಲಗಿದ ರಾತ್ರಿಗಳ ಕಥೆ ಅವ್ವ ಹೇಳುತ್ತಿದ್ದಳು. ಈಗ ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಅನ್ನ, ರಾತ್ರಿ ದೋಸೆ, ಮೂರು ಹೊತ್ತೂ ಅಕ್ಕಿ. 2011ರ ಜೂನ್‌ನಿಂದ ರೇಷನ್ ಅಕ್ಕಿಗೆ ದುಡ್ಡೂ ಇಲ್ಲ. ಅದು ಹಸಿವು ಕಳೆದ ಅಕ್ಕಿ, ಅದನ್ನು ಹಳಿದರೆ ನಾಲಿಗೆ ಬಿದ್ದುಹೋಗುತ್ತದೆ. ಆದರೆ ತೋಟಕ್ಕೆ ಬೈಕು ಬಂತು, ಗದ್ದೆಗೆ ಯಂತ್ರ ಬಂತು. ಗುಣಿಮಗ್ಗದಲ್ಲಿ ಕಾಲು ತುಳಿಯುತ್ತ, ಕೈ ಎಳೆಯುತ್ತ ದಿನ ಕಳೆದವರ ಮಕ್ಕಳು ಅಂಗಡಿಯ ಗಲ್ಲಾದ ಹಿಂದೆ ಕೂತರು. ಸಂಜೆ ನಾಲ್ಕು ಗ್ಲಾಸು ಟೀ, ಗ್ಲಾಸಿಗೆ ಎರಡು ಚಮಚ ಸಕ್ಕರೆ, ಜೊತೆಗೊಂದು ವಡೆ. ರಾತ್ರಿ ಹತ್ತಕ್ಕೆ ಪರೋಟ, ಸಾಲ್ನಾ. ವಾರಕ್ಕೊಮ್ಮೆ ದಿಂಡಿಗಲ್ಲಿನ ಸೀರಗ ಸಂಬಾ ಬಿರಿಯಾನಿ ತಿಂದರೆ ಹೃದಯ ನಿಲ್ಲುವುದಿಲ್ಲ, ದಿನಾ ಹತ್ತು ಗಂಟೆಯ ಪರೋಟ ಅದನ್ನು ಮೆಲ್ಲಗೆ ಸವೆಸುತ್ತದೆ. ಟಾಸ್ಮಾಕ್ ಮದ್ಯದ ಬಾಟಲಿ ಟ್ರೈಗ್ಲಿಸರೈಡಿಗೆ ನೇರ ತುಪ್ಪ ಸುರಿದಂತೆ. ಬೀಡಿ ಸೇದಿದರೆ ಸಣ್ಣಗಾಗುತ್ತೇವೆ ಎನ್ನುವವರೂ ಇದ್ದಾರೆ. ಸಣ್ಣಗಾಗುವುದು ಕೈಕಾಲು, ಹೊಟ್ಟೆ ಬೀಡಿ ಸೇದುವವರಲ್ಲೇ ಹೆಚ್ಚು.

ಇಡೀ ದೇಶದ ಕಥೆಯೂ ಇದೇ. ಚೆನ್ನೈನ ಡಾಕ್ಟರ್ ಅಂಜನಾ, ಡಾಕ್ಟರ್ ಮೋಹನ್ ತಂಡ ಐಸಿಎಂಆರ್ ಜೊತೆ ಸೇರಿ ಲಕ್ಷಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿ 2023ರಲ್ಲಿ ಹೇಳಿದ್ದು: ದೇಶದಲ್ಲಿ 10 ಕೋಟಿಗೂ ಮಿಕ್ಕಿ ಸಕ್ಕರೆ ಕಾಯಿಲೆಯವರು, ವಯಸ್ಕರಲ್ಲಿ ನೂರಕ್ಕೆ ಸುಮಾರು 40 ಮಂದಿಗೆ ಹೊಟ್ಟೆಯ ಬೊಜ್ಜು. ತೂಕದ ಲೆಕ್ಕದಲ್ಲಿ ಬೊಜ್ಜಿನವರು ಅದಕ್ಕಿಂತ ಕಡಿಮೆ, 29ರ ಹತ್ತಿರ. ನಡುವೆ ಉಳಿದ ಹನ್ನೊಂದು ಮಂದಿ ನಮ್ಮ ಚಿಕ್ಕಪ್ಪಂದಿರು, ತಕ್ಕಡಿಗೆ ಸಿಗದೆ ಟೇಪಿಗೆ ಸಿಕ್ಕವರು.

ಸಮಾಧಾನದ ಸಂಗತಿಯೂ ಉಂಟು. ಕೊನೆಗೆ ಬಂದು ಮೊದಲು ಹೋಗುವ ನೆಂಟನ ಹಾಗೆ, ಮೈ ಇಳಿಯತೊಡಗಿದಾಗ ಒಳಗಿನ ಕೊಬ್ಬು ಹೊರಗಿನದಕ್ಕಿಂತ ಬೇಗ ಕರಗುತ್ತದೆ. ಬರೀ ಹೊಟ್ಟೆಗೆ ಮಾಡುವ ಕಸರತ್ತಿನಿಂದ ಅಲ್ಲಿನದೇ ಕೊಬ್ಬು ಕರಗದು. ಬೇಕಾದದ್ದು ಇಡೀ ಮೈ ಬಿಸಿಯಾಗುವ ನಡಿಗೆ. ಚೆನ್ನೈನಲ್ಲೇ ಡಾಕ್ಟರ್ ಎ. ರಾಮಚಂದ್ರನ್ ತಂಡ ಸಕ್ಕರೆಯ ಹೊಸ್ತಿಲಲ್ಲಿದ್ದ 531 ಮಂದಿಯನ್ನು ಮೂರು ವರ್ಷ ಹಿಂಬಾಲಿಸಿ 2006ರಲ್ಲಿ ಬರೆಯಿತು. ಏನೂ ಮಾಡದವರಲ್ಲಿ ನೂರಕ್ಕೆ 55 ಮಂದಿ ಸಕ್ಕರೆಗೆ ಬಿದ್ದರು. ದಿನಾ ನಡೆದು, ಊಟ ತಿದ್ದಿಕೊಂಡವರಲ್ಲಿ 39. ಅವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲೇ ಇಲ್ಲ! ತಕ್ಕಡಿ ಕದಲದಿದ್ದರೂ ಒಳಗೆ ಕೆಲಸ ನಡೆದಿತ್ತು. ತಿಂಗಳು ನಡೆದು ‘ಒಂದು ಕೆಜಿಯೂ ಇಳಿಯಲಿಲ್ಲ’ ಎಂದು ಚಪ್ಪಲಿ ಮೂಲೆಗೆ ಎಸೆಯುವವರು ಇದನ್ನು ನೆನಪಿಡಿ.

ಹಾಗಾಗಿ ನಾನು ಕೇಳಿಕೊಳ್ಳುವುದು ಇಷ್ಟು.

ಕಂಬಂ, ಬೋಡಿಯಿಂದ ಜೀಪು ಹತ್ತಿ ಏಲಕ್ಕಿ ತೋಟಕ್ಕೆ ಹೋಗುವ ಅಕ್ಕಂದಿರೇ, ನೀವು ಮೈ ಮುರಿದು ದುಡಿಯುವವರು, ನಡೆಯಿರಿ ಎಂದು ನಿಮಗೆ ಹೇಳಲು ನನಗೆ ಮುಖವಿಲ್ಲ. ಡಬ್ಬಿಯಲ್ಲಿ ಅನ್ನದ ಪಾಲು ಸ್ವಲ್ಪ ತಗ್ಗಿಸಿ, ಆ ಜಾಗಕ್ಕೆ ಹುರುಳಿ, ಕಡಲೆ, ಮೊಟ್ಟೆ, ಸೊಪ್ಪು ಬರಲಿ. ಎಲ್ಲರಿಗೂ ಬಡಿಸಿ ತಳ ಕೆರೆದು ತಿನ್ನುವ ಅಭ್ಯಾಸದಲ್ಲಿ ನಮ್ಮ ಪಾಲಿಗೆ ಬರುವುದು ಬರೀ ಅನ್ನ, ಸಾರು.

ಗಲ್ಲಾದ ಹಿಂದೆ, ಸ್ಟಿಯರಿಂಗ್ ಹಿಂದೆ ಕೂರುವ ಅಣ್ಣಂದಿರೇ, ದಿನಕ್ಕೆ ಅರ್ಧ ಗಂಟೆ ಬೇಗ ಬೇಗ ನಡೆಯಿರಿ, ಮಾತಾಡಬಹುದು ಆದರೆ ಹಾಡಲಾಗದು ಎನ್ನುವಷ್ಟು. ಟೀ ಬಿಡಬೇಡಿ, ಸಕ್ಕರೆ ಬಿಡಿ. ರಾತ್ರಿ ಊಟ ಎಂಟಕ್ಕೆ ತನ್ನಿ. ದ್ರಾಕ್ಷಿ, ಬಾಳೆ ನಮ್ಮ ನೆಲದ್ದು, ಹಣ್ಣಾಗಿ ತಿನ್ನಿ, ಜ್ಯೂಸು ಮಾಡಿ ಸಕ್ಕರೆ ಸುರಿಯಬೇಡಿ. ಸಕ್ಕರೆ ಕಾಯಿಲೆ ಆಗಲೇ ಇದ್ದವರು ಎಷ್ಟು ತಿನ್ನಬಹುದೆಂದು ಡಾಕ್ಟರನ್ನು ಕೇಳಿ. ಮಾತ್ರೆ ನುಂಗುತ್ತಿರುವವರು ಈ ಪತ್ರ ಕೇಳಿ ಮಾತ್ರೆ ಬಿಟ್ಟರೆ ಪಾಪ ನನ್ನ ತಲೆಗೆ.

2021ರ ಆಗಸ್ಟಿನಿಂದ ‘ಮಕ್ಕಳೈ ತೇಡಿ ಮರುತ್ತುವಂ’ ಎಂಬ ಸರ್ಕಾರಿ ಯೋಜನೆಯ ಕಾರ್ಯಕರ್ತೆಯರು ಬಿಪಿ, ಸಕ್ಕರೆ ನೋಡಲು ಮನೆ ಬಾಗಿಲಿಗೇ ಬರುತ್ತಿದ್ದಾರೆ. ಅವರು ಬಂದಾಗ ‘ಹೊಲಕ್ಕೆ ಹೋಗಿದ್ದಾರೆ’ ಎಂದು ಮಗುವಿನ ಕೈಲಿ ಹೇಳಿಸಿ ಒಳಗೆ ಕೂರಬೇಡಿ. ಸೊಂಟ ಗಡಿ ದಾಟಿದ್ದರೆ ಅವರಿಗೆ ಹೇಳಿ. ಸಕ್ಕರೆ, ಬಿಪಿ ಜೊತೆಗೆ ಖಾಲಿ ಹೊಟ್ಟೆಯ ಟ್ರೈಗ್ಲಿಸರೈಡ್, ಒಳ್ಳೆಯ ಕೊಲೆಸ್ಟರಾಲ್ ಎರಡನ್ನೂ ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿ ನೋಡಿಸಿ. ಎದೆ ಬಿಗಿದು ಬೆವರಿದರೆ ಸೋಡಾ ಹುಡುಕಬೇಡಿ, 108ಕ್ಕೆ ಫೋನ್ ಮಾಡಿ.

ಹಿರಿಯರಿಗೊಂದು ಮಾತು. ಮಾಟ್ಟು ಪೊಂಗಲ್ ದಿನ ಕಂಬಂನ ತಂಬಿರಾನ್ ತೊಳುವಿನಲ್ಲಿ ದನಗಳನ್ನು ನೋಡಲು ಸೇರುತ್ತೀರಿ, ಚಿನ್ನಾಳಪಟ್ಟಿಯಲ್ಲಿ ಚೌಡೇಶ್ವರಿಯ ಹಬ್ಬಕ್ಕೆ ಸೇರುತ್ತೀರಿ. ಅಲ್ಲೊಂದು ಕಂಬಕ್ಕೆ ಟೇಪು ಕಟ್ಟಿ. ಮೊದಲು ನೀವೇ ಅಳೆಸಿಕೊಳ್ಳಿ. ಹಿರಿಯರು ಅಂಗಿ ಎತ್ತಿದರೆ ಕಿರಿಯರಿಗೆ ನಾಚಿಕೆ ಹೋಗುತ್ತದೆ.

ಚಿಕ್ಕಪ್ಪನ ಕಥೆ ಮುಗಿಸುತ್ತೇನೆ. ಮಧುರೈಯಿಂದ ಬಂದ ಮೇಲೆ ಅವರು ತೋಟಕ್ಕೆ ಬೈಕು ಒಯ್ಯುವುದು ಬಿಟ್ಟರು. ಬೆಳಿಗ್ಗೆ ಕಾಲುವೆ ಏರಿಯ ಮೇಲೆ ನಡೆದೇ ಹೋಗುತ್ತಾರೆ, ಈಗಲೂ. ಬೀಡಿ ಬಿಟ್ಟರು. ರಾತ್ರಿಯ ಪರೋಟಕ್ಕಾಗಿ ಚಿಕ್ಕಮ್ಮನ ಜೊತೆ ಆರು ತಿಂಗಳು ಮಾತು ಬಿಟ್ಟರು, ಆಮೇಲೆ ಸೋತರು. 2013ರಲ್ಲಿ ಮಗಳ ಮದುವೆಗೆ ಹಳೆಯ ಪ್ಯಾಂಟನ್ನೇ ಹಿಡಿದುಕೊಂಡು ಅಂಗಡಿಗೆ ಬಂದರಂತೆ. ಅದು ಜಾರುತ್ತಿತ್ತು.

ಆ ದಿನದ ಸಾಲು ನನ್ನ ಮುಂದಿದೆ. ಸೊಂಟ 35. ಪಕ್ಕದಲ್ಲಿ, ಇಡೀ ಪುಸ್ತಕದಲ್ಲಿ ನಾನು ಇನ್ನೆಲ್ಲೂ ಕಾಣದ ಒಂದು ಗುರುತು. ಯಾವಾಗಲೂ ‘ವಿಡು’ ಎಂದು ಬರೆಯುವ ಕೈ ಅಲ್ಲಿ ‘ಪಿಡಿ 2’ ಎಂದು ಬರೆದಿದೆ. ತಮಿಳಿನ ಪಿಡಿ, ನಮ್ಮ ಮನೆಮಾತಿನ ಹಿಡಿ. ಎರಡಿಂಚು ಒಳಗೆ ಹಿಡಿದು ಹೊಲಿ ಎಂದು. ಅಪ್ಪ ಅದರ ಕೆಳಗೆ ಒಂದಲ್ಲ, ಎರಡು ಗೆರೆ ಎಳೆದಿದ್ದಾರೆ.

ಇಂತಿ ನಿಮ್ಮ ಮನೆಮಗಳು,
ಕಂಬಂ ಟೇಲರ್ ಮಗಳು
ಬೆಂಗಳೂರು